ಬರೆಯದ ವಾರದ ಲೆಕ್ಕ: ಬಿಡುವಿನ ಕಲಾಕೆಲಸಕ್ಕೂ ನಮ್ಮ ಬೆಲೆಗೂ ನಡುವೆ ಗೆರೆ ಎಳೆಯುವುದು ಹೇಗೆ?

ಭಾನುವಾರ ಸಂಜೆ ಏಳರ ಹೊತ್ತಿಗೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಬೇಸರ ಹುಟ್ಟುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ ಯಕ್ಷಗಾನ ಪ್ರಸಂಗ ಬರೆಯುವವರು, ಮಣಿಪಾಲದಲ್ಲಿ ಪಾಳಿ ಮುಗಿಸಿ ಬಂದು ಕಥೆ ಬರೆಯುವ ನರ್ಸ್‌ಗಳು, ವಾರವೆಲ್ಲ ಪಾಠ ಮಾಡಿ ಶನಿವಾರ ಹಕ್ಕಿಗಳ ಚಿತ್ರ ಬಿಡಿಸುವ ಮೇಷ್ಟ್ರುಗಳು, ತುಳು ಹಾಡುಗಳನ್ನು ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕುವ ಹುಡುಗರು ಎಲ್ಲರೂ ಇದರಲ್ಲಿ ಪಾಲುದಾರರು. ವಾರಾಂತ್ಯಕ್ಕೆ ಕೂತು ಮಾಡೋಣ ಎಂದುಕೊಂಡಿದ್ದರು. ಮದುವೆಯೊಂದು ಬಂತು, ಕರೆಂಟು ಹೋಯಿತು, ಮಗುವಿಗೆ ಜ್ವರ ಬಂತು. ಕೆಲಸ ಆಗಲಿಲ್ಲ. ಮಾತು ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲುವುದಿಲ್ಲ. "ಈ ವಾರ ಒಂದು ಪುಟವೂ ಆಗಲಿಲ್ಲ" ಎಂದು ಹೊರಟ ಮನಸ್ಸು "ನನ್ನಿಂದ ಏನೂ ಆಗದು" ಎಂಬಲ್ಲಿಗೆ ಹೋಗಿ ಕೂರುತ್ತದೆ.

ಮೊದಲನೆಯ ವಾಕ್ಯ ವರದಿ, ಎರಡನೆಯದು ತೀರ್ಪು. ಒಂದರಿಂದ ಇನ್ನೊಂದಕ್ಕೆ ಜಾರದಂತೆ ತಡೆಯುವ ಕೆಲವು ಉಪಾಯಗಳನ್ನು ಇಲ್ಲಿ ಕೊಟ್ಟಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಮಾಡಬೇಕಾಗಿಲ್ಲ. ಮೊದಲ ಎರಡನ್ನು ಮಾತ್ರ ಬಿಡಬೇಡಿ. ಉಳಿದದ್ದು ನಿಮ್ಮ ಅನುಕೂಲ.

ಈ ಕಾಯಿಲೆ ನಮಗೆ ಯಾಕೆ ಬೇಗ ಹಿಡಿಯುತ್ತದೆ

ಲೆಕ್ಕ ಇಡುವುದು ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳ ಹೆಮ್ಮೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯ ಬ್ಯಾಂಕ್ ಹುಟ್ಟಿದ ನೆಲ ಇದು. ಪರೀಕ್ಷೆಯ ಅಂಕಗಳ ವಿಷಯದಲ್ಲೂ ಹಾಗೆಯೇ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಅದಲು ಬದಲು. ಹೀಗೆ ಬೆಳೆದವರು ಬಿಡುವಿನಲ್ಲಿ ಕುಂಚ ಹಿಡಿದರೂ ಯಾರೋ ಅಂಕ ಹಾಕುತ್ತಿದ್ದಾರೆ ಎಂದೇ ಹಿಡಿಯುತ್ತಾರೆ.

ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದರು. ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಾದರೂ ಪಡೆದುಕೊಂಡು ಹೋಗುತ್ತಿದ್ದರು. ಹಣದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ತೊಂದರೆ ಶುರುವಾಗುವುದು ಅದೇ ಬುದ್ಧಿಯನ್ನು ಕಲೆಗೆ ಹಚ್ಚಿದಾಗ: ದಿನಕ್ಕೊಂದು ಪುಟ, ದಿನಕ್ಕೊಂದು ರೇಖಾಚಿತ್ರ, ವಾರಕ್ಕೊಂದು ವಿಡಿಯೊ. ಠೇವಣಿಗೆ ಹಾಕಿದ ಎರಡಾಣೆ ನಾಳೆಯೂ ಎರಡಾಣೆಯೇ. ನಿನ್ನೆ ಬರೆದ ಎರಡು ಪುಟ ಇಂದು ಓದಿದಾಗ ಹರಿದು ಹಾಕುವ ಹಾಗಿರಬಹುದು, ಹರಿದು ಹಾಕಿದ್ದೇ ಇವತ್ತಿನ ಒಳ್ಳೆಯ ಕೆಲಸ ಆಗಿರಲೂಬಹುದು. ಇದನ್ನು ಯಾವ ಪಾಸ್‌ಬುಕ್ಕಿನಲ್ಲಿ ಬರೆಯುವುದು? ಪಿಗ್ಮಿ ಕಟ್ಟದ ದಿನ ಖಾತೆ ಬೆಳೆಯುವುದಿಲ್ಲ, ಅಷ್ಟೇ. ಖಾತೆದಾರರೇ ಕೆಟ್ಟವರು ಎಂದು ಯಾವ ಏಜೆಂಟರೂ ಹೇಳಿ ಹೋದದ್ದಿಲ್ಲ. ಆ ಮಾತನ್ನು ನಮಗೆ ನಾವೇ ಹೇಳಿಕೊಳ್ಳುತ್ತೇವೆ.

ಮನಶ್ಶಾಸ್ತ್ರದಲ್ಲಿ ಜೆನಿಫರ್ ಕ್ರಾಕರ್ ಮತ್ತು ಅವರ ಸಂಗಡಿಗರು ಇದನ್ನೇ ಅಧ್ಯಯನ ಮಾಡಿದ್ದಾರೆ. ಜನರು ತಮ್ಮ ಬೆಲೆಯನ್ನು ಒಂದೊಂದು ಕಂಬಕ್ಕೆ ಕಟ್ಟಿರುತ್ತಾರೆ: ಕೆಲವರು ರೂಪಕ್ಕೆ, ಕೆಲವರು ಪರೀಕ್ಷೆಗೆ, ಕೆಲವರು ಬೇರೆಯವರ ಮೆಚ್ಚುಗೆಗೆ. ಎಲ್ಲಿ ಕಟ್ಟಿದ್ದಾರೋ ಅಲ್ಲಿ ಗೆದ್ದರೆ ಉಬ್ಬುತ್ತಾರೆ, ಸೋತರೆ ಕುಗ್ಗುತ್ತಾರೆ. ಬಿಡುವಿನ ಕೆಲಸಕ್ಕೆ ಕಟ್ಟಿಕೊಂಡವರ ಪಾಡು ಇನ್ನೂ ಕಷ್ಟ, ಏಕೆಂದರೆ ದಿನದ ಹೊತ್ತಿನಲ್ಲಿ ಅದಕ್ಕೆ ಸಿಗುವುದು ಎಲ್ಲರಿಗೂ ಹಂಚಿ ಮಿಕ್ಕಿದ ಪಾಲು ಮಾತ್ರ.

1. ವರದಿಯನ್ನೂ ತೀರ್ಪನ್ನೂ ಬೇರೆ ಬೇರೆ ಬರೆಯಿರಿ

ಒಂದು ವಾರದ ಮಟ್ಟಿಗೆ ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಕೆಲಸ ತಪ್ಪಿದ ದಿನ ಮಲಗುವ ಮುಂಚೆ ಪುಟದ ನಡುವೆ ಮೇಲಿಂದ ಕೆಳಕ್ಕೆ ಗೆರೆ ಎಳೆಯಿರಿ. ಎಡಕ್ಕೆ ನಡೆದದ್ದು: ದಿನ, ಆದದ್ದು, ಆಗದಿದ್ದದ್ದು, ಕಾರಣ. ಬಲಕ್ಕೆ ಆ ಹೊತ್ತು ಮನಸ್ಸು ನಿಮ್ಮ ಬಗ್ಗೆ ಹೇಳಿದ ಮಾತು, ಒಂದಕ್ಷರ ತಿದ್ದದೆ.

ಮಂಗಳೂರಿನ ಕೊಡಿಯಾಲಬೈಲಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಗೆಳತಿಯೊಬ್ಬಳು ಹಳೆಯ ಹಂಚಿನ ಮನೆಗಳ ಚಿತ್ರ ಬಿಡಿಸುತ್ತಾಳೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಎದ್ದ ಮನೆಗಳು ಈಗ ಒಂದೊಂದಾಗಿ ನೆಲಕ್ಕೆ ಬೀಳುತ್ತಿವೆ. ಬೀಳುವ ಮುಂಚೆ ಕಾಗದದ ಮೇಲಾದರೂ ಉಳಿಯಲಿ ಎಂಬುದು ಅವಳ ಹಟ. ಇಂಥ ಕೆಲಸದಲ್ಲಿ ತಪ್ಪಿದ ಪ್ರತಿ ವಾರವೂ ಚುಚ್ಚುತ್ತದೆ, ಮುಂದಿನ ವಾರ ಆ ಮನೆ ಇರುತ್ತದೋ ಇಲ್ಲವೋ. ಅವಳ ನೋಟ್‌ಬುಕ್ಕಿನ ಎಡಬದಿಯಲ್ಲಿ ಹೀಗಿತ್ತು: "ಶನಿವಾರ. ಬೋಳಾರದ ಮನೆಗೆ ಹೋಗಲಿಲ್ಲ. ಹನ್ನೊಂದರವರೆಗೆ ಮಳೆ. ಆಮೇಲೆ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ." ಬಲಬದಿಯಲ್ಲಿ: "ನನ್ನದು ಬರೀ ಆರಂಭಶೂರತನ. ಅಪ್ಪ ಹೇಳುತ್ತಿದ್ದದ್ದು ನಿಜ."

ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮಳೆಗೂ ಆರಂಭಶೂರತನಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ: ಬಲಬದಿಯ ಮಾತು ಹೆಚ್ಚಿನ ಸಲ ನಮ್ಮದಾಗಿರುವುದಿಲ್ಲ. ಅಪ್ಪನದೋ, ಹೈಸ್ಕೂಲಿನ ಲೆಕ್ಕದ ಮೇಷ್ಟ್ರದೋ, ಹಿಂದಿನ ಕಚೇರಿಯ ಮ್ಯಾನೇಜರದೋ ಆಗಿರುತ್ತದೆ. ಯಾರ ದನಿ ಎಂದು ಕಂಡರೆ ಪಕ್ಕದಲ್ಲಿ ಅವರ ಹೆಸರು ಬರೆದುಬಿಡಿ. ಹೆಸರು ಬಿದ್ದ ಮೇಲೆ ಆ ಮಾತಿನ ಜೋರು ಅರ್ಧ ಇಳಿಯುತ್ತದೆ.

ಕೊನೆಗೆ ಬಲಬದಿಯ ಮಾತನ್ನು ಎಡಬದಿಗೆ ಒಗ್ಗುವಂತೆ ತಿದ್ದಿ ಬರೆಯಿರಿ. "ಆರಂಭಶೂರತನ" ಎಂಬುದು "ಮಳೆಗಾಲದಲ್ಲಿ ಹೊರಗೆ ಕೂತು ಬಿಡಿಸುವ ಯೋಜನೆ ನಡೆಯುತ್ತಿಲ್ಲ" ಎಂದಾಯಿತು. ಈ ವಾಕ್ಯಕ್ಕೆ ಪರಿಹಾರ ಇದೆ: ಮಳೆ ಬಿಟ್ಟ ಹೊತ್ತಿನಲ್ಲಿ ಫೋಟೊ ತೆಗೆದುಕೊಂಡು ಬಂದು ಮನೆಯಲ್ಲಿ ಬಿಡಿಸಬಹುದು. ಮೊದಲಿನ ವಾಕ್ಯಕ್ಕೆ ಯಾವ ಪರಿಹಾರವೂ ಇರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ (1913–2007) ತಮ್ಮ ಚಿಕಿತ್ಸಾ ಕ್ರಮದಲ್ಲಿ ಒತ್ತಿ ಹೇಳುತ್ತಿದ್ದ ಸಂಗತಿಯೂ ಇದೇ. ಮಾಡಿದ ಕೆಲಸಕ್ಕೆ ಬೇಕಾದರೆ ಅಂಕ ಕೊಡಬಹುದು, ಇಡೀ ಮನುಷ್ಯನಿಗೆ ಒಟ್ಟು ಅಂಕ ಕೊಡಲು ಬರುವುದಿಲ್ಲ ಎಂಬುದು ಅವರ ವಾದ.

"ನಾನು ಸೋಮಾರಿ ಎಂದು ಬೈದುಕೊಂಡರೆ ತಾನೇ ನಾಳೆ ಏಳುತ್ತೇನೆ?" ಎಂದು ಕೇಳುವವರಿದ್ದಾರೆ. ಬೈಸಿಕೊಂಡವರು ಮರುದಿನ ಏಳುವುದೂ ಉಂಟು. ಆದರೆ ಬೈಗುಳ ಸಿಗುವ ಜಾಗಕ್ಕೆ ಯಾರಾದರೂ ಎಷ್ಟು ದಿನ ಖುಷಿಯಿಂದ ಹೋದಾರು? ಕ್ರಮೇಣ ಆ ಮೇಜಿನ ಹತ್ತಿರ ಹೋಗುವುದೇ ತಪ್ಪುತ್ತದೆ.

2. ಎಣಿಸುವುದನ್ನು ಬದಲಿಸಿ

1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗವೊಂದಿದೆ. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು, ಮಕ್ಕಳು ಇಷ್ಟ ಬಂದಂತೆ ಆಡುವ ಹೊತ್ತಿನಲ್ಲಿ ನೋಡಿದರೆ, ಪ್ರಮಾಣಪತ್ರದ ಆಸೆಗೆ ಬಿಡಿಸಿದ್ದ ಮಕ್ಕಳು ಪೆನ್ನು ಹಿಡಿದ ಸಮಯ ಉಳಿದವರದರ ಸುಮಾರು ಅರ್ಧಕ್ಕೆ ಇಳಿದಿತ್ತು. ಆಟವಾಗಿದ್ದದ್ದು ಅವರಿಗೆ ಕೆಲಸವಾಗಿತ್ತು.

ಮೊಬೈಲಿನಲ್ಲಿ "ಸತತ ಇಷ್ಟು ದಿನ" ಎಂದು ತೋರಿಸುವ ಆ್ಯಪ್ ಆ ಪ್ರಮಾಣಪತ್ರದ ತಮ್ಮ. ಅದನ್ನು ತೆಗೆದುಹಾಕಿ. ಇನ್‌ಸ್ಟಾಗ್ರಾಂನಲ್ಲಿ ಬೇರೆಯವರ ಪೋಸ್ಟುಗಳ ಲೈಕ್ ಸಂಖ್ಯೆ ಕಾಣದಂತೆ ಮಾಡುವ ಆಯ್ಕೆ 2021ರಿಂದ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ. ಯೂಟ್ಯೂಬ್ ಚಾನೆಲ್ ಇದ್ದರೆ ಅಂಕಿಅಂಶ ನೋಡುವುದನ್ನು ಮನೆಯ ಕಂಪ್ಯೂಟರಿಗೆ ಮಾತ್ರ ಸೀಮಿತಗೊಳಿಸಿ, ಫೋನಿನಿಂದ ಆ ಆ್ಯಪನ್ನೂ ತೆಗೆಯಿರಿ.

ಎಣಿಕೆ ಹೋದ ಜಾಗಕ್ಕೆ ಏನಾದರೂ ಬರಬೇಕು, ಇಲ್ಲದಿದ್ದರೆ ಹಳೆಯದೇ ಮರಳಿ ಬರುತ್ತದೆ. ಕೆಲಸಕ್ಕೆ ಕೂತ ದಿನ ಎರಡೇ ಸಾಲು ಬರೆಯಿರಿ: ಇವತ್ತು ಏನು ಕಂಡಿತು, ಮುಂದಿನ ಸಲ ಎಲ್ಲಿಂದ ಶುರು. ಎಷ್ಟು ಹೊತ್ತು, ಎಷ್ಟು ಪುಟ ಎಂದು ಬರೆಯಬೇಡಿ. ಗೆಳತಿಯ ಒಂದು ದಿನದ ಟಿಪ್ಪಣಿ: "ಮಾಡಿನ ಒಳಗಿಂದ ನೋಡಿದರೆ ಪಕ್ಕಾಸು ಕಪ್ಪು, ರೀಪು ಇನ್ನೂ ಕೆಂಪು. ರೀಪು ಆಮೇಲೆ ಬದಲಿಸಿರಬೇಕು. ಮುಂದಿನ ಸಲ ಗಾಜಿನ ಹಂಚಿನ ಕೆಳಗಿನ ಬೆಳಕು." (ಪಕ್ಕಾಸು ಎಂದರೆ ಮಾಡಿನ ಇಳಿಜಾರಿನ ಮರದ ತೊಲೆ, ರೀಪು ಅದರ ಮೇಲೆ ಹಂಚು ಕೂರಿಸಲು ಹೊಡೆಯುವ ಪಟ್ಟಿ.) ಆ ದಿನ ಅವಳು ಬಿಡಿಸಿದ್ದು ಒಂದು ಮೂಲೆ ಮಾತ್ರ. ಪುಟದ ಲೆಕ್ಕದಲ್ಲಿ ಅದು ಸೊನ್ನೆ. ಆದರೆ ಮನೆಯೊಂದರ ರಿಪೇರಿಯ ಇತಿಹಾಸವೇ ಆ ಮೂಲೆಯಲ್ಲಿ ಸಿಕ್ಕಿತ್ತು.

ಒಂದು ವಿನಾಯಿತಿ ಹೇಳಬೇಕು. ಮೇಳದವರಿಗೆ ಪ್ರಸಂಗ ಕೊಡುವೆನೆಂದು ಮಾತು ಕೊಟ್ಟಿದ್ದರೆ, ಪ್ರಕಾಶಕರಿಗೆ ಹಸ್ತಪ್ರತಿಯ ದಿನಾಂಕ ಹೇಳಿದ್ದರೆ, ಪುಟ ಎಣಿಸಲೇಬೇಕು. ಆಗ ಎಣಿಸಿ. ಅದು ಇನ್ನೊಬ್ಬರಿಗೆ ಕೊಟ್ಟ ಮಾತಿನ ಲೆಕ್ಕ, ಮುಗಿದ ದಿನ ಮುಚ್ಚುವ ಲೆಕ್ಕ.

3. ನಿಮ್ಮ ಪತ್ತನಾಜೆಯನ್ನು ಮೊದಲೇ ಗುರುತು ಮಾಡಿ

ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ 24–25ರ ಸುಮಾರಿಗೆ, ಪತ್ತನಾಜೆ. ಅಲ್ಲಿಗೆ ಕೋಲ, ನೇಮ, ಜಾತ್ರೆಗಳಿಗೆ ತೆರೆ ಬೀಳುತ್ತದೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಮಳೆಗಾಲದಲ್ಲಿ ಕಲಾವಿದರು ಕೆಲವರು ಗದ್ದೆಗೆ ಇಳಿಯುತ್ತಾರೆ, ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತಾರೆ, ಕೆಲವರು ಸುಮ್ಮನೆ ಮನೆಯಲ್ಲಿರುತ್ತಾರೆ. ಜುಲೈ ತಿಂಗಳಲ್ಲಿ ಗದ್ದೆಯ ಬದುವಿನ ಮೇಲೆ ಸಿಕ್ಕ ಸ್ತ್ರೀವೇಷದ ಕಲಾವಿದರನ್ನು ನೋಡಿ "ಇವರೀಗ ಕಲಾವಿದರಲ್ಲ" ಎಂದು ಯಾರಾದರೂ ಹೇಳುತ್ತಾರೆಯೇ? ಮಲ್ಪೆಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದಡದಲ್ಲಿ ನಿಂತ ಬೋಟುಗಳನ್ನು ನೋಡಿ ಮೀನುಗಾರರ ಯೋಗ್ಯತೆ ಅಳೆಯುವವರೂ ಇಲ್ಲ.

ನಮ್ಮ ಬಿಡುವಿನ ಕೆಲಸಕ್ಕೆ ಇಂಥ ಕ್ಯಾಲೆಂಡರ್ ಇಲ್ಲ. ಆದ್ದರಿಂದ ನಿಂತಾಗಲೆಲ್ಲ ಅದು ಸೋಲಿನಂತೆ ಕಾಣುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ದಿನಾಂಕ ಬರೆಯಿರಿ: ನಿಲ್ಲಿಸುವ ದಿನ, ಮತ್ತೆ ಶುರು ಮಾಡುವ ದಿನ. ಮಕ್ಕಳ ಪರೀಕ್ಷೆಯ ತಿಂಗಳು, ಕಚೇರಿಯ ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ದಿನಗಳು, ಮೇ ತಿಂಗಳ ಮದುವೆಗಳ ಸಾಲು ಇವು ನಿಲ್ಲಿಸಲು ಸರಿಯಾದ ಕಾಲ. ನಿಲ್ಲಿಸಿದ ಅವಧಿಯಲ್ಲಿ ಏನು ಮಾಡಬಹುದು ಎಂಬುದನ್ನೂ ಅಲ್ಲೇ ಬರೆಯಿರಿ: ಓದಬಹುದು, ಆಟ ನೋಡಬಹುದು, ಏನನ್ನೂ ತಯಾರಿಸಬಾರದು.

ವಿಶ್ರಾಂತಿ ಪಡೆದರೆ ಆಮೇಲೆ ಇಮ್ಮಡಿ ಕೆಲಸ ಆಗುತ್ತದೆ ಎಂಬ ಉಪದೇಶ ಈಗ ಎಲ್ಲೆಲ್ಲೂ ಸಿಗುತ್ತದೆ. ನನಗದು ಹಿಡಿಸುವುದಿಲ್ಲ. ನಿದ್ದೆಯನ್ನೂ ಹೂಡಿಕೆ ಮಾಡಿಬಿಟ್ಟರೆ, ಎದ್ದ ಮೇಲೆ ಅದರ ಬಡ್ಡಿ ಬಂತೇ ಎಂದು ನೋಡುವ ಚಾಳಿ ಉಳಿದೇ ಉಳಿಯುತ್ತದೆ. ರಜೆಯ ನಂತರ ಕೆಲಸ ಮೊದಲಿನಷ್ಟೇ ಆಗಲಿ, ಕಡಿಮೆಯೇ ಆಗಲಿ, ರಜೆ ದಂಡವಾಯಿತು ಎಂದುಕೊಳ್ಳಬೇಡಿ.

4. ದೊಡ್ಡವರನ್ನು ಅಳತೆಗೋಲು ಮಾಡಿಕೊಳ್ಳಬೇಡಿ

ಕರಾವಳಿಯಲ್ಲಿ ಏನು ಬರೆಯಲು ಹೊರಟರೂ ಎದುರಿಗೆ ಕೋಟ ಶಿವರಾಮ ಕಾರಂತರು (1902–1997) ನಿಂತಿರುತ್ತಾರೆ. ನಲವತ್ತಕ್ಕೂ ಹೆಚ್ಚು ಕಾದಂಬರಿ, ಮಕ್ಕಳಿಗೆ ವಿಶ್ವಕೋಶ, ವಿಜ್ಞಾನದ ಸಂಪುಟಗಳು, ಯಕ್ಷಗಾನದ ಪ್ರಯೋಗ, ಪರಿಸರದ ಹೋರಾಟ, 1977ರ ಜ್ಞಾನಪೀಠ. "ಕಾರಂತರು ಇಷ್ಟು ಮಾಡಿದರು, ನಿನಗೊಂದು ಕಥೆ ಮುಗಿಸಲು ಆಗದೇ?" ಎಂದು ಕೇಳುವ ಮಾವಂದಿರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಕಾರಂತರನ್ನು ಓದಿ, ಬೆರಗಾಗಿ. ಆದರೆ ಅವರ ಪುಸ್ತಕಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನಿಮ್ಮ ಶನಿವಾರವನ್ನು ಅಳೆಯಬೇಡಿ. ಬರವಣಿಗೆ ಅವರಿಗೆ ಇಡೀ ಬದುಕಿನ ಉದ್ಯೋಗವಾಗಿತ್ತು.

ಅಳತೆ ಬೇಕೇ ಬೇಕು ಎನ್ನುವವರು ನಂದಳಿಕೆ ಲಕ್ಷ್ಮೀನಾರಣಪ್ಪನವರನ್ನು ನೆನೆಯಲಿ. ಉಡುಪಿಯಲ್ಲಿ ಶಾಲೆಯ ವ್ಯಾಯಾಮ ಶಿಕ್ಷಕರಾಗಿದ್ದವರು. 1870ರಲ್ಲಿ ಹುಟ್ಟಿ 1901ರಲ್ಲಿ, ಮೂವತ್ತೊಂದರ ಎಳೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು. ಮುದ್ದಣ ಎಂದು ಕನ್ನಡಿಗರೆಲ್ಲ ಬಲ್ಲ ಇವರು ತಮ್ಮ ಕಾವ್ಯವನ್ನು ಹಳೆಯ ಕವಿಯೊಬ್ಬನ ಕೃತಿ ಸಿಕ್ಕಿದೆ ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಬರೆದದ್ದು ಕೆಲವೇ ಕೃತಿ. ಬಂಟ್ವಾಳದ ಪಂಜೆ ಮಂಗೇಶರಾಯರೂ (1874–1937) ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿಯುತ್ತಲೇ "ಕವಿಶಿಷ್ಯ" ಎಂಬ ಹೆಸರಿನ ಹಿಂದೆ ನಿಂತು ಮಕ್ಕಳಿಗೆ ಪದ್ಯ ಬರೆದರು.

ಇದರಿಂದ ಒಂದು ಅಭ್ಯಾಸ ಹೊಳೆಯುತ್ತದೆ. ಒಂದು ಕೆಲಸವನ್ನು ನಿಮ್ಮ ಹೆಸರಿಲ್ಲದೆ ಮಾಡಿ. ಊರಿನ ಅಂಗನವಾಡಿಯ ಗೋಡೆಗೆ ಚಿತ್ರ ಬಿಡಿಸಿ, ಸಹಿ ಹಾಕಬೇಡಿ. ಭಜನಾ ಮಂಡಳಿಗೆ ಹಾಡು ಬರೆದುಕೊಡಿ, ಹೆಸರು ಅಚ್ಚು ಹಾಕುವುದು ಬೇಡ ಎನ್ನಿ. ಫೋಟೊ ತೆಗೆದು ಸ್ಟೇಟಸ್ ಹಾಕುವುದೂ ಇಲ್ಲ. ಹೊಗಳಿಕೆ ಬಂದು ಸೇರಲು ವಿಳಾಸವೇ ಇಲ್ಲದಾಗ, ಮಾಡುತ್ತಿರುವಾಗಲೇ ಸಿಗುವ ಖುಷಿ ಎಷ್ಟು ಎಂಬುದು ಗೊತ್ತಾಗುತ್ತದೆ. ಕೆಲವರಿಗೆ ಖುಷಿ ಏನೂ ಉಳಿಯಲಿಲ್ಲ ಎಂದು ಗೊತ್ತಾಗಬಹುದು. ಹಾಗಾದರೆ ಮಾಧ್ಯಮವನ್ನೇ ಬದಲಿಸುವ ಯೋಚನೆ ಮಾಡಬಹುದು, ಅದೂ ಪ್ರಯೋಜನದ ಮಾಹಿತಿಯೇ.

5. "ಎಲ್ಲಿಗೆ ಬಂತು?" ಎಂಬುದಕ್ಕೆ ಉತ್ತರ ಸಿದ್ಧವಿರಲಿ

ಮದುವೆ ಹಾಲಿನ ಊಟದ ಸಾಲಿನಲ್ಲಿ, ಕೈಯಲ್ಲಿ ತಟ್ಟೆ ಇರುವಾಗಲೇ ಈ ಪ್ರಶ್ನೆ ಬರುತ್ತದೆ. "ಎಂತ ಮಾರಾಯರೇ, ನಿಮ್ಮ ಪುಸ್ತಕ ಎಲ್ಲಿಗೆ ಬಂತು?" ಕೇಳಿದವರಿಗೆ ಅದು ಹವಾಮಾನ ಕೇಳಿದಷ್ಟೇ ಸಲೀಸು, ಉತ್ತರ ಬರುವ ಮುಂಚೆಯೇ ಅವರ ಕಣ್ಣು ಪಾಯಸದ ಕಡೆ ಹೋಗಿರುತ್ತದೆ. ನಾವು ಮಾತ್ರ ಕಟಕಟೆಯಲ್ಲಿ ನಿಂತವರಂತೆ ವಿವರಣೆ ಕೊಡುತ್ತೇವೆ. ಮನೆಯಿಂದ ಹೊರಡುವಾಗಲೇ ಒಂದು ವಾಕ್ಯ ಇಟ್ಟುಕೊಳ್ಳಿ: "ನಡೆಯುತ್ತಿದೆ ಅಣ್ಣ, ಈಗ ಸ್ವಲ್ಪ ನಿಲ್ಲಿಸಿದ್ದೇನೆ." ಮಾತಿಗೆ "ಪುರುಸೊತ್ತೇ ಇಲ್ಲ ನೋಡಿ" ಎಂದು ಸೇರಿಸುವ ಅಗತ್ಯವಿಲ್ಲ. ಹಿರಿಯರು ಕೆದಕಿದರೆ ಕೆಲಸದ ಒಳಗಿನ ಒಂದು ಸಂಗತಿ ಹೇಳಿ: "ನಿಮ್ಮ ಹಳೆಯ ಮನೆಯಲ್ಲಿ ಮುಚ್ಚಿಗೆ ಇತ್ತಲ್ಲ, ಯಾವ ಮರದ್ದು ದೊಡ್ಡಪ್ಪ?" ಮಾತು ಅಲ್ಲಿಂದ ಎಲ್ಲಿಗೋ ಹೋಗುತ್ತದೆ, ನಿಮಗೊಂದು ವಿವರವೂ ಸಿಗುತ್ತದೆ.

ಇನ್ನೊಬ್ಬರು ಬೇಕು, ಎಷ್ಟಾಯಿತು ಎಂದು ಕೇಳದೆ ಏನು ನೋಡಿದೆ ಎಂದು ಕೇಳುವವರು. ಒಬ್ಬರಿದ್ದರೆ ಸಾಕು.

6. ಬಸ್ಸಿನ ಹೊತ್ತನ್ನು ಬಿಟ್ಟುಬಿಡಿ

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ದಿನವೂ ಓಡಾಡುವವರಿಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಸಿಗುತ್ತದೆ. ಅದನ್ನೂ ದುಡಿಸಿಕೊಳ್ಳಬೇಕೆಂದು ಫೋನಿನಲ್ಲಿ ಟಿಪ್ಪಣಿ, ಕಿವಿಯಲ್ಲಿ ಪಾಠ. ಬೇಡ. ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರದ ಸೇತುವೆಗಳ ಮೇಲೆ ಬಸ್ಸು ಹೋಗುವಾಗ ಕಿಟಕಿಯ ಹೊರಗೆ ನೋಡಿ, ನಿದ್ದೆ ಬಂದರೆ ಮಲಗಿ. ಏನಾದರೂ ಹೊಳೆದರೆ ಒಳ್ಳೆಯದೇ, ಹೊಳೆಯಲೇಬೇಕೆಂದು ಕಾಯಬೇಡಿ.

7. ಹಣ ಬಂದಾಗ

ಯಾರಾದರೂ ಚಿತ್ರಕ್ಕೆ ಆರ್ಡರ್ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ. ಬಣ್ಣ, ಕಾಗದ, ಚೌಕಟ್ಟು, ತಗಲುವ ಹೊತ್ತು ಸೇರಿಸಿ ದರ ಹೇಳಿ. ಚೌಕಾಸಿ ಮಾಡಿದರೆ ಅದು ದರದ ಚೌಕಾಸಿ ಮಾತ್ರ. ಜೊತೆಗೆ, ಎಂದಿಗೂ ಮಾರದ ಒಂದು ಕೆಲಸವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಶಿಶುವಿಹಾರದ ಆ ಮಕ್ಕಳ ಕಥೆ ನೆನಪಿದೆಯಲ್ಲ.

8. ವಿಷಯ ಕೆಲಸದ್ದಲ್ಲ ಎನಿಸಿದರೆ

ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಮೇಲೇಳದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಯಾವುದರಲ್ಲೂ ರುಚಿ ಇಲ್ಲದಿದ್ದರೆ, ನಾನು ಇಲ್ಲದಿದ್ದರೇ ಒಳ್ಳೆಯದು ಎಂಬ ಯೋಚನೆ ಸುಳಿದರೆ, ಮೇಲಿನ ಯಾವ ಉಪಾಯವೂ ಸಾಲದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೇವೆ ಇದು; ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ನೇರವಾಗಿ ಕಾಣುವುದಾದರೆ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ನೆರೆಹೊರೆಯವರು ನೋಡಿಯಾರು ಎಂಬ ಅಳುಕಿದ್ದರೆ ಮೊದಲು ಫೋನೇ ಸರಿ.

9. ಮತ್ತೆ ಶುರು ಮಾಡುವ ದಿನ

ಕ್ಯಾಲೆಂಡರಿನಲ್ಲಿ ಗುರುತು ಮಾಡಿದ ದಿನ ಬಂದಾಗ, ತಪ್ಪಿದ ವಾರಗಳನ್ನೆಲ್ಲ ಒಂದೇ ರಾತ್ರಿ ತುಂಬಿಸಲು ಹೋಗಬೇಡಿ. ಹೆಚ್ಚಿನವರು ಎರಡನೆಯ ಸಲ ಬಿಡುವುದು ಇಲ್ಲಿಯೇ. ನೋಟ್‌ಬುಕ್ ತೆರೆದು "ಮುಂದಿನ ಸಲ ಎಲ್ಲಿಂದ" ಎಂದು ಬರೆದಿಟ್ಟ ಸಾಲು ಓದಿ. ಅಲ್ಲಿಂದ ಹದಿನೈದು ನಿಮಿಷ ಮಾಡಿ, ಹೊಸ ಎರಡು ಸಾಲು ಬರೆದು ಮುಚ್ಚಿಬಿಡಿ. ಕೈ ಚುರುಕಾಗಿದ್ದರೂ ಮೊದಲ ದಿನ ಅಷ್ಟಕ್ಕೇ ಏಳಿ.

ಆ ಸಾಲು ಓದಿದಾಗ ಒಳಗಿನಿಂದ ಏನೂ ಏಳಲಿಲ್ಲವೇ? ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಿ. ಆಗಲೂ ಅಷ್ಟೇ ಆದರೆ ಕೈಬಿಡುವುದು ತಪ್ಪಲ್ಲ. ಕೈಬಿಡುವಾಗ ಅಚ್ಚುಕಟ್ಟಾಗಿ ಬಿಡಿ: ಕಾಗದಗಳನ್ನು ಒಂದು ಫೈಲಿಗೆ ಹಾಕಿ, ಮೇಲೆ ದಿನಾಂಕ ಬರೆಯಿರಿ. ಮಳೆಗಾಲವಾದರೆ ಒಳಗೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಡಿ, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಬೂಸ್ಟು ಹಿಡಿಯುತ್ತದೆ. ಬೇರೆ ಯಾರಿಗಾದರೂ ಉಪಯೋಗಕ್ಕೆ ಬರುವ ಸಾಮಗ್ರಿಯಾದರೆ, ಹಳೆಯ ಫೋಟೊ, ಹಿರಿಯರ ಸಂದರ್ಶನದ ಧ್ವನಿಮುದ್ರಣ, ಊರಿನ ಹೆಸರುಗಳ ಪಟ್ಟಿ ಇತ್ಯಾದಿ, ಅದರ ಪ್ರತಿ ಮಾಡಿ ಆ ವಿಷಯದಲ್ಲಿ ಆಸಕ್ತಿ ಇರುವವರಿಗೆ ಕೊಟ್ಟುಬಿಡಿ.